ಹೆರಳಲ್ಲಿ ಸಿಕ್ಕ ಅಕ್ಕಿಕಾಳು

ಎಣ್ಣೆ ಹಚ್ಚಿ ನೆನೆಯಲು ಬಿಟ್ಟಿದ್ದ ತಲೆಯನ್ನು ಮೊಣಕಾಲುಗಳ ನಡುವೆ ಇರುಕಿಕೊಂಡು ಕಾಶೆವ್ವ ಸೀರಣಿಗೆ ಎಳೆಯುತ್ತಿದ್ದಳು. ಹಲ್ಲಿಗೆ ಹೇನು ಸಿಕ್ಕರೆ ಹೆಬ್ಬೆರಳ ಉಗುರಿನ ಮೇಲಿಟ್ಟು ಚಿಟ್ಟೆನ್ನಿಸುವುದು, ಮತ್ತೆ ಎಳೆಯುವುದು. ಹಿತ್ತಲಿನ ಒಲೆಯ ಮೇಲೆ ಹಂಡೆಯ ನೀರು ಕಾದು ಸಣ್ಣಗೆ ಸದ್ದು ಮಾಡತೊಡಗಿತ್ತು. ಗುರುಸಿದ್ದವ್ವ ಪ್ರತಿ ಎಳೆತಕ್ಕೂ ಕುತ್ತಿಗೆ ಕುಗ್ಗಿಸುತ್ತಿದ್ದಳು. ಹನ್ನೊಂದು ವರ್ಷದ ಹುಡುಗಿ. ಅಜ್ಜಿಯಿಂದ ಬಂದ ಹೆಸರು ದೊಡ್ಡದಾಯಿತೆಂದು ಮನೆಯಲ್ಲೆಲ್ಲ ಸಿದ್ದಿ ಅಂತಲೇ ಕರೆಯುತ್ತಿದ್ದರು.

ಕಿವಿಯ ಹಿಂದೆ ಹಣಿಗೆ ಏನಕ್ಕೋ ತಡೆಯಿತು.

ಗಾಯದ ಹಕ್ಕಳೆಯೇನೋ ಎಂದು ಕಾಶೆವ್ವ ಬೆರಳಿಂದ ಕೆದರಿದಳು. ಉಗುರಿಗೆ ಬಂದದ್ದು ಕಾಳು. ಎಣ್ಣೆಯಲ್ಲಿ ಮಿಂದು ಮಿರಮಿರ ಮಿಂಚುವ ಹಳದಿ ಕಾಳು. ನೆತ್ತಿಯ ಹತ್ತಿರ ಇನ್ನೊಂದು ಸಿಕ್ಕಿತು. ಹಿಂದಲೆಯ ಸಿಕ್ಕಿನೊಳಗೆ ಮತ್ತೊಂದು.

ಅರಿಸಿನ ಹಚ್ಚಿದ ಕಾಳು ಹುಡುಗಿಯ ತಲೆಗೆ ಬೀಳುವುದು ಯಾವಾಗ ಎನ್ನುವುದು ಕಾಶೆವ್ವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳು ಬೆಚ್ಚಿದ್ದು ಬರೀ ಅದಕ್ಕಲ್ಲ. ಕಾಳು ಜೋಳದ್ದಾಗಿತ್ತು.

ಹಳಿಯಾಳದಲ್ಲಿ ಮದುವೆಗೆ ಹಾಕುವ ಅಕ್ಕಿಕಾಳು ನಿಜವಾಗಿಯೂ ಅಕ್ಕಿಯದು. ಸುತ್ತೆಲ್ಲ ಭತ್ತ ಬೆಳೆಯುವ ನೆಲ. ಜೋಳಕ್ಕೆ ಅರಿಸಿನ ಬಳಿದು ಅದನ್ನೂ ಅಕ್ಕಿಕಾಳು ಎಂದೇ ಕರೆಯುವುದು ನವಲಗುಂದದ ಕಡೆಯ ಎರೆ ಸೀಮೆಯವರು. ಕಾಶೆವ್ವ ಮದುಮಗಳಾಗಿ ಬಂದಾಗ ಅವಳ ತವರಿನವರು ಒಗೆದ ಕಾಳು ನೋಡಿ ಈ ಓಣಿಯ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದರು. ಬೀಗರು ಕೋಳಿಗೆ ಹಾಕುವುದನ್ನು ತಂದಿದ್ದಾರೆ ಅಂತ.

ಎರೆ ಸೀಮೆಯಿಂದ ಈ ಮನೆಗೆ ಬಂದು ಹೋಗುವ ಗಂಡಸು ಒಬ್ಬನೇ. ಅವಳ ತಮ್ಮ ಗೂಳಪ್ಪ.

ದಾಂಡೇಲಿಯ ಕಾಗದದ ಗಿರಣಿಯಲ್ಲಿ ಕೆಲಸಕ್ಕಿದ್ದ ಭಾವ ಸೋಮಪ್ಪ, ಸಿದ್ದಿಯ ಅಪ್ಪ, ಹೋದ ಶ್ರಾವಣದಲ್ಲಿ ಕಾಳಿ ಹೊಳೆಯ ಪಾಲಾದ ಮೇಲೆ, ತಾಯಿಯೂ ಇಲ್ಲದ ಸಿದ್ದಿಯನ್ನು ಕೋರ್ಟು ಚಿಕ್ಕಪ್ಪ ಅಂದಾನೆಪ್ಪನ ಕೈಗೆ ಒಪ್ಪಿಸಿತ್ತು. ಅಂದಾನೆಪ್ಪ ಕಾಶೆವ್ವನ ಗಂಡ. ಕೋರ್ಟಿನ ಮಾತಿನಲ್ಲಿ ಎಳೆಯ ಮಕ್ಕಳಿಗೆ ಅಜ್ಞಾನ ಎನ್ನುತ್ತಾರೆ. ಆದ್ದರಿಂದ ಅವನು ಅಜ್ಞಾನ ಪಾಲಕ. ಆ ಮಾತನ್ನು ಅವನು ಅಂಗಡಿಯ ಕಟ್ಟೆಯ ಮೇಲೆ ಕೂತು ಬಾಯಿ ತುಂಬ ಹೇಳುತ್ತಿದ್ದ. ಕೇಳಿದವರು ತಬ್ಬಲಿಗೆ ತಂದೆಯಾದೆ ಎಂದು ಹೊಗಳುತ್ತಿದ್ದರು.

ಕಾಶೆವ್ವ ಹಣಿಗೆ ನಿಲ್ಲಿಸಲಿಲ್ಲ. ಕೈ ನಿಂತರೆ ಹುಡುಗಿ ತಿರುಗಿ ನೋಡುತ್ತಾಳೆ, ನೋಡಿದರೆ ಮುಖ ತಿಳಿದುಬಿಡುತ್ತದೆ. ಕಾಳುಗಳನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಉಳವಿಯಲ್ಲಿ ದೇವರ ದರ್ಶನ ಚೆನ್ನಾಗಿ ಆಯಿತೇ ಎಂದು ಕೇಳಿದಳು. ಹೋದ ವಾರ ಅಂದಾನೆಪ್ಪ ಸಿದ್ದಿಗೆ ಲಿಂಗದೀಕ್ಷೆ ಕೊಡಿಸುತ್ತೇನೆಂದು ಉಳವಿಗೆ ಕರೆದುಕೊಂಡು ಹೋಗಿದ್ದ. ಕಾಶೆವ್ವ ತಾನೂ ಬರುತ್ತೇನೆಂದಾಗ ಜೀಪಿನಲ್ಲಿ ಜಾಗವಿಲ್ಲ ಅಂದಿದ್ದ.

"ಉಳವಿಗೆ ಹೋಗಲೇ ಇಲ್ಲ ಚಿಗವ್ವ. ಕುಳಗಿ ದಾಟಿ ಅಡವ್ಯಾಗ ಗೂಳಪ್ಪ ಮಾಮಾನ ಜೋಪಡಿ ಐತೆಲ್ಲ, ಅಲ್ಲಿಗೆ ಹೋದ್ವಿ. ದೇವರು ಅಲ್ಲಿಗೇ ಬರತಾನಂತ ಕಾಕಾ ಅಂದ."

"ಬಂದನೇನ?"

"ಇಲ್ಲ. ಅಯ್ಯನವರು ಬಂದ್ರು. ಭಾಳ ಕೆಮ್ಮತಿದ್ರು."

ಗೂಳಪ್ಪ ಕಟ್ಟಿಗೆ ಕಂತ್ರಾಟದಾರನ ಕೈಕೆಳಗೆ ಮುಕಾದಮ. ಮರ ಕಡಿಯುವ ಆಳುಗಳ ಮೇಲೆ ನಿಗಾ ಇಡುವುದು ಅವನ ಕೆಲಸ, ಮೊದಲು ಮುಂಡಗೋಡದ ಕಡೆ, ಈಗ ಕುಳಗಿಯ ಕಾಡಿನಲ್ಲಿ. ಅಲ್ಲಿಯ ಜೋಪಡಿಯಲ್ಲಿ ಏನೇನು ನಡೆಯಿತು ಎನ್ನುವುದನ್ನು ಸಿದ್ದಿ ಕಣ್ಣು ಮುಚ್ಚಿಕೊಂಡೇ, ಕನಸು ಹೇಳುವವಳಂತೆ ಒಂದೊಂದಾಗಿ ಹೇಳಿದಳು. ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟಿದ್ದರಂತೆ. ತಂಬಿಗೆಗಳ ಕೊರಳಿಗೆ ಬಿಳಿ ನೂಲು ಸುತ್ತಿದ್ದರಂತೆ. ನೂಲಿನ ಒಳಗೆ ಮಣೆ ಹಾಕಿ ಕೂಡ್ರಿಸಿ ತಲೆಯ ಮೇಲೆ ನೀರು ಸುರಿದರಂತೆ, ನೀರು ತಣ್ಣಗಿತ್ತಂತೆ.

ಸುರಗಿ. ಮದುವೆಯ ಸುರಗಿ ಸುತ್ತುವುದನ್ನು ಹುಡುಗಿ ಈ ತನಕ ನೋಡಿರಲಿಲ್ಲ. ಅವಳ ಓರಗೆಯವರ ಮದುವೆ ಆಗಲು ಇನ್ನೂ ಎಷ್ಟೋ ವರ್ಷ ಇತ್ತು.

"ಮಣಿ ಒಂದ ಇತ್ತೇನ, ಎರಡ?"

"ಎರಡು. ಬಾಜೂಕ ಗೂಳಪ್ಪ ಮಾಮಾ ಕುಂತಿದ್ದ. ಅಂವಗೂ ದೀಕ್ಷಾ ಅಂತ."

ಆಮೇಲೆ ಕರಿಮಣಿಯ ಸರ ಒಂದನ್ನು ಮಾಮಾ ಕೊರಳಿಗೆ ಕಟ್ಟಿದನಂತೆ. ಜೀಪು ಹತ್ತುವ ಮುಂಚೆ ದಾರಿಯಲ್ಲಿ ಕಳ್ಳರು ಎಂದು ತಾನೇ ಬಿಚ್ಚಿ ಕಿಸೆಯಲ್ಲಿ ಇಟ್ಟುಕೊಂಡನಂತೆ. ಯಾರ ಮುಂದೂ ಹೇಳಬಾರದು, ಹೇಳಿದರೆ ದೀಕ್ಷೆ ಕೆಡುತ್ತದೆ ಅಂತ ಕಾಕಾ ಆಣೆ ಹಾಕಿಸಿಕೊಂಡನಂತೆ. ಇಷ್ಟು ಹೇಳಿದ ಮೇಲೆ ಹುಡುಗಿಗೆ ಆಣೆಯ ನೆನಪಾಯಿತು. ಕುತ್ತಿಗೆ ತಿರುಗಿಸಿ ನೋಡಿದಳು.

"ಕೆಟ್ಟ ಹೋತೇನ ಚಿಗವ್ವ, ನಾ ಹೇಳಿದ್ದಕ್ಕ?"

"ನಿನ್ನಿಂದ ಏನೂ ಕೆಡೂದಿಲ್ಲವ್ವ. ಕಣ್ಣ ಮುಚ್ಚಿಕೋ, ಸೀಗಿ ಹೊಕ್ಕೀತು."

ಕಾಶೆವ್ವ ನೀರು ಸುರಿದಳು. ಸೀಗೆಪುಡಿ ಹಾಕಿ ತಿಕ್ಕಿದಳು. ಒಮ್ಮೆ ತೊಳೆದದ್ದು ಸಾಲದೆಂದು ಮತ್ತೊಮ್ಮೆ ಹಾಕಿ ತಿಕ್ಕಿದಳು. ಹಂಡೆ ಬರಿದಾದ ಮೇಲೆಯೂ ಅವಳಿಗೆ ಹುಡುಗಿಯ ಹೆಗಲ ಮೇಲೆ ಏನೋ ಜಿಡ್ಡು ಉಳಿದಂತೆಯೇ ಅನ್ನಿಸುತ್ತಿತ್ತು. ಜಿಡ್ಡು ಹುಡುಗಿಯ ಮೈಯದಲ್ಲ, ಅದನ್ನು ಮುಟ್ಟಿದ ಕೈಗಳದು. ಅದರಲ್ಲಿ ಒಂದು ಜೊತೆ ಕೈ, ತಾಯಿ ಸತ್ತ ಮೇಲೆ ತಾನೇ ತುತ್ತು ಕಲೆಸಿ ಉಣ್ಣಲು ಕಲಿಸಿದ ತಮ್ಮನ ಕೈ. ಇನ್ನೊಂದು ಜೊತೆ, ದಿನವೂ ತನ್ನ ಪಕ್ಕದಲ್ಲಿ ಮಲಗುವ ಕೈ. ಬಚ್ಚಲ ಮೋರಿಗೆ ಉಗುಳಿದಳು.

ಏನಾಯಿತೆಂದು ಸಿದ್ದಿ ಕೇಳಿದಳು. ಹೊಗೆ ಅಂದಳು ಕಾಶೆವ್ವ.

ಮಧ್ಯಾಹ್ನ ಗೂಳಪ್ಪ ಬಂದ. ಅಂದಾನೆಪ್ಪ ವಕೀಲರ ಮನೆಗೆ ಹೋಗಿದ್ದ. ಇಬ್ಬರೂ ಸೇರಿ ಅಲ್ಲಿಗೆ ಹೋಗಬೇಕಿತ್ತಂತೆ, ಇವನಿಗೆ ತಡವಾಯಿತಂತೆ. ಮಾವ ಅಂದಾನೆಪ್ಪನವರು ಬರುವ ತನಕ ಒಂದಿಷ್ಟು ಉಂಡುಬಿಡುತ್ತೇನೆಂದು ತಾನೇ ಮಣೆ ಎಳೆದುಕೊಂಡು ಕೂತ. ಕಾಶೆವ್ವ ಸಿದ್ದಿಯನ್ನು ಪಕ್ಕದ ಮನೆಯ ಮುದಕವ್ವನ ಹತ್ತಿರ ಹೂ ಕಟ್ಟಲು ಕಳಿಸಿ ಬಾಗಿಲು ಮುಂದೆ ಮಾಡಿದಳು.

ರೊಟ್ಟಿ ಹಾಕಿದಳು. ಪುಂಡಿಪಲ್ಯ ಹಾಕಿದಳು. ಅವನು ಉಣ್ಣುವುದನ್ನು ನೋಡುತ್ತ ಕೂತಳು. ಚಿಕ್ಕಂದಿನಿಂದಲೂ ಅವನಿಗೆ ಊಟವೆಂದರೆ ಪ್ರಾಣ. ಅವನು ಬಾಯಿ ತುಂಬಿಕೊಂಡು ಗಲ್ಲ ಉಬ್ಬಿಸುವುದನ್ನು ನೋಡಿದಾಗೆಲ್ಲ ಅವಳ ಕರುಳು ತಂಪಾಗುತ್ತಿತ್ತು. ಇವತ್ತು ಅದೇ ಗಲ್ಲ, ಅದೇ ತುಟಿಯಂಚಿನ ಎಣ್ಣೆ, ಅದೇ ಹಲ್ಲಿನ ಸಂದಿಯ ತಂಬಾಕಿನ ಕಪ್ಪು. ಅವಳು ಎರಡು ಮಾರು ಹಿಂದೆ ಸರಿದು ಗೋಡೆಗೆ ಒರಗಿದಳು. ನಂತರ ಎದ್ದು ಬಂದು ಸೆರಗಿನ ಗಂಟು ಬಿಚ್ಚಿ ಮೂರು ಕಾಳುಗಳನ್ನು ಅವನ ತಾಟಿನ ಅಂಚಿಗೆ, ಉಪ್ಪು ಬಡಿಸುವ ಜಾಗದಲ್ಲಿ ಇಟ್ಟಳು.

ಗೂಳಪ್ಪ ಒಮ್ಮೆ ನೋಡಿದ. ಬಾಯಿಯಲ್ಲಿದ್ದುದನ್ನು ಅಗಿದು ನುಂಗಿದ. ಮುಚ್ಚಿಡುವ ಹಂಬಲವೇನೂ ಅವನ ಮುಖದಲ್ಲಿ ಕಾಣಲಿಲ್ಲ.

"ಮಾವಾರು ತಾವ ನಿನಗ ಹೇಳಾವ್ರಿದ್ರು," ಅಂದ. "ಕೋರ್ಟಿನ ಕೆಲಸ ಮುಗೀಲಿ ಅಂತ ಇದ್ರು. ಹುಡುಗಿ ಬಾಯಿ ಬಿಟ್ಟಳಲ್ಲ ಆತು ಬಿಡು. ಸ್ವಂತ ಅಕ್ಕನ ಮುಂದ ಎಷ್ಟ ದಿನ ಮುಚ್ಚಿಡೂದು."

ಆಮೇಲೆ ಬಿಡಿಸಿ ಹೇಳಿದ. ವಕೀಲನ ಮಾತುಗಳು ಅವನ ಬಾಯಿಂದ, ಹೊಸ ಚಪ್ಪಲಿ ಹಾಕಿದವನ ಹೆಜ್ಜೆಯಂತೆ, ಸದ್ದು ಮಾಡಿಕೊಂಡು ಬಂದವು. ಸಿದ್ದಿಯ ತಾಯಿಯ ಅಕ್ಕ, ದಾಂಡೇಲಿಯ ಸುಶೀಲವ್ವ, ಅಂದಾನೆಪ್ಪನನ್ನು ತೆಗೆದು ತನ್ನನ್ನು ಪಾಲಕಳನ್ನಾಗಿ ಮಾಡಬೇಕೆಂದು ಕಾರವಾರದ ಕೋರ್ಟಿಗೆ ಹೋಗಿದ್ದಾಳೆ. ಸೋಮಪ್ಪ ಮಗಳಿಗೆ ಬಿಟ್ಟುಹೋದ ಮುಂಡಗೋಡದ ಗದ್ದೆಯನ್ನು ಮಾರಲು ಅಂದಾನೆಪ್ಪ ಆತುರಪಟ್ಟದ್ದು ಜಡ್ಜ್ ಸಾಹೇಬರಿಗೆ ಸರಿಬಂದಿಲ್ಲ. ಸುಶೀಲವ್ವನೇ ಗೆಲ್ಲುವ ಹಾಗೆ ಕಾಣುತ್ತದೆ. ಆದರೆ ಕಾಯ್ದೆಯಲ್ಲಿ ಒಂದು ಕಿಂಡಿ ಇದೆ.

"ಹೆಣ್ಣ ಹುಡುಗೀದು ಲಗ್ನ ಆತಂದ್ರ ಆಕಿ ಮೈಗೆ ಗಂಡ ಪಾಲಕ ಆಗತಾನ. ಕೋರ್ಟ ಕೊಟ್ಟ ಪಾಲಕನ ಅಧಿಕಾರ ಅಲ್ಲಿಗೆ ಮುಗೀತು. ಸುಶೀಲವ್ವ ಮಾವಾರನ್ನ ತಗಸಬಹುದು. ಗಂಡನ್ನ ಹೆಂಗ ತಗಸ್ತಾಳ?"

"ಸಣ್ಣ ಹುಡುಗೀ ಲಗ್ನ ಮಾಡಿದ್ರ ಸರಕಾರ ಸುಮ್ನಿರತೈತೇನ?"

"ದಂಡ ಹಾಕತೈತಿ. ಹಾಕಲಿ. ಆದ ಲಗ್ನ ಆದದ್ದ, ಅದು ಮುರಿಯೂದಿಲ್ಲಂತ."

ಮಜ್ಜಿಗೆ ಬೇಡ, ಮೊಸರಿದ್ದರೆ ಹಾಕು ಅಂದ. ಹಾಕಿದಳು. ಅವನು ಮೆಲ್ಲಗೆ ಧ್ವನಿ ಇಳಿಸಿ, ಅಕ್ಕನಿಗೆ ಸಮಾಧಾನ ಹೇಳುವವನಂತೆ, ಇದೆಲ್ಲ ಕೋರ್ಟಿನ ಕಣ್ಣಿಗೆ ಮಾಡಿದ್ದು ಅಂದ. ಹುಡುಗಿ ಇದೇ ಮನೆಯಲ್ಲಿ, ನಿನ್ನ ಸೆರಗಿನಲ್ಲೇ ಇರುತ್ತಾಳೆ, ಶಾಲೆಗೆ ಹೋಗುತ್ತಾಳೆ, ಯಾರು ಅವಳನ್ನು ಮುಟ್ಟುತ್ತಾರೆ ಅಂದ. ನಿನಗೂ ಮಕ್ಕಳಿಲ್ಲ, ಸುಶೀಲವ್ವ ಒಯ್ದರೆ ನೀನೇ ಅಳುವವಳು ಅಂದ.

"ದೊಡ್ಡಾಕಿ ಆದ ಮ್ಯಾಲೆ?"

ಗೂಳಪ್ಪ ನಕ್ಕ. ತಲೆ ತಗ್ಗಿಸಿ ಬೆರಳಿಗೆ ಮೆತ್ತಿದ ಮೊಸರನ್ನು ಒಂದೊಂದೇ ಬೆರಳು ಬಾಯಿಗಿಟ್ಟು ಚೀಪಿದ. ಕಿವಿ ಕೆಂಪಾಗಿದ್ದವು. ಆ ನಗು ಎಂಥದೆಂದು ಕಾಶೆವ್ವ ಹೆಂಗಸಾಗಿ ಬಲ್ಲಳು. ಮದುವೆ ಗೊತ್ತಾದ ಗಂಡು ಗೆಳೆಯರ ನಡುವೆ ನಗುವ ನಗು. ಈ ತಾಟನ್ನು ಇನ್ನು ಮೇಲೆ ಬೆಳಗಿ ಬೇರೆಯವರಿಗೆ ಇಡಲು ತನ್ನಿಂದ ಆಗುವುದಿಲ್ಲ ಎನ್ನಿಸಿತು. ಎಂಥ ಹೊಲಸನ್ನು ಎಷ್ಟು ಅಕ್ಕರೆಯಿಂದ ಸಾಕಿದೆ ಎಂದುಕೊಂಡಳು.

ಕೂಗಾಡಿ ಉಪಯೋಗವಿರಲಿಲ್ಲ. ಅವಳು ಅವನ ಮುಂದೆ ಕೂತು, ಓಣಿಯ ಸುದ್ದಿ ಕೇಳುವ ಧ್ವನಿಯಲ್ಲಿ ಕೇಳಿದಳು.

"ಮಾಲವ್ವ ಏನಂದಳು ಇದಕ್ಕ?"

ಚೀಪುತ್ತಿದ್ದ ಬೆರಳು ಬಾಯಿಯಲ್ಲೇ ನಿಂತಿತು.

ಮಾಲವ್ವ ಮುಂಡಗೋಡದವಳು, ಗಂಡ ಸತ್ತವಳು. ಗೂಳಪ್ಪ ಅಲ್ಲಿ ಮುಕಾದಮನಾಗಿದ್ದಾಗ ಅವಳನ್ನು ಉಡಿಕಿ ಮಾಡಿಕೊಂಡಿದ್ದ. ಉಡಿಕಿಗೆ ವಾಲಗವಿಲ್ಲ, ಸುರಗಿಯಿಲ್ಲ, ಅಕ್ಕಿಕಾಳಿಲ್ಲ. ಹಿರಿಯರು ನಾಲ್ವರ ಎದುರಿಗೆ ಹೊಸ ಸೀರೆ ಉಡಿಸಿ, ಕರಿಮಣಿ ಕಟ್ಟಿ ವಿಧವೆಯನ್ನು ಮನೆ ತುಂಬಿಸಿಕೊಳ್ಳುವುದು. ಅವಳು ಅಡುಗೆ ಮಾಡಬಹುದು, ಗದ್ದೆಗೆ ಹೋಗಬಹುದು, ಗಂಡನಿಗೆ ಮಕ್ಕಳನ್ನು ಹೆರಬಹುದು. ಆರತಿ ಹಿಡಿಯಲು ಮಾತ್ರ ಯಾರೂ ಕರೆಯುವುದಿಲ್ಲ. ಆ ಸೀರೆಯನ್ನು ಮಾಲವ್ವನ ಕೈಗೆ ಕೊಟ್ಟವಳು ಕಾಶೆವ್ವನೇ. ಹಸಿರು ದಡಿಯ ಇಳಕಲ್ ಸೀರೆ. ಮಾಲವ್ವ ಅದನ್ನು ಕಣ್ಣಿಗೊತ್ತಿಕೊಂಡಿದ್ದಳು.

"ಆಕಿ ಉಡಿಕಿ ಮಾಡಿಕೊಂಡಾಕಿ," ಗೂಳಪ್ಪ ಅಂದ. "ಲಗ್ನದಾಕಿ ಅಲ್ಲ. ಅದನ್ನೂ ಇದನ್ನೂ ಒಂದ ತಕ್ಕಡಿಗೆ ಹಾಕಬ್ಯಾಡ."

ಸುಮ್ಮನಿದ್ದವರ ಮುಂದೆ ಗೂಳಪ್ಪನ ಬಾಯಿ ನಿಲ್ಲುವುದಿಲ್ಲ ಎಂದು ಕಾಶೆವ್ವನಿಗೆ ಗೊತ್ತಿತ್ತು.

"ಮತ್ತ ವಕೀಲ್ರ ಮುಂದ ಎಲ್ಲೆರ ಆ ಹೆಸರ ತಗದೀ ಅಕ್ಕಾ. ಅವರು ಮೊದಲನೇ ಮಾತಿಗೇ ಕೇಳಿದ್ರು, ಬ್ಯಾರೆ ಹೆಂಡ್ತಿ ಅದಾಳೇನಪಾ ಅಂತ. ಇಲ್ಲ ಅಂದೀನಿ. ಸುಳ್ಳೇನಲ್ಲ. ಉಡಿಕಿ ಸುದ್ದಿ ಅವರಿಗ್ಯಾಕ ಬೇಕು?"

ಕಾಶೆವ್ವ ಆ ಮಾತನ್ನು ಮನಸ್ಸಿನೊಳಗೆ ಹೊರಳಿಸಿ ನೋಡಿದಳು. ವಕೀಲ ಮೊದಲನೇ ಮಾತಿಗೇ ಯಾಕೆ ಕೇಳಿದ? ಒಬ್ಬಳು ಇರುವಾಗ ಇನ್ನೊಬ್ಬಳನ್ನು ಮಾಡಿಕೊಂಡರೆ ಅದು ಮದುವೆಯೇ ಅಲ್ಲ ಎನ್ನುವ ಕಾಯ್ದೆ ಓಣಿಯ ಮಕ್ಕಳಿಗೂ ಗೊತ್ತು. ಹಿಂದೆ ಮುಂಬಯಿ ಸರಕಾರದ ಕಾಲದಲ್ಲೇ ಊರಿನ ಒಬ್ಬ ವ್ಯಾಪಾರಿ ಎರಡನೆಯವಳನ್ನು ತಂದು ಜೈಲು ಕಂಡಿದ್ದ. ಹಾಗಾದರೆ ಮಾಲವ್ವ ಹೆಂಡತಿ ಎಂದಾದರೆ ಸಿದ್ದಿಯ ಕೊರಳಿಗೆ ಕಟ್ಟಿದ್ದು ಬರೀ ದಾರ. ಆರತಿಗೆ ಕರೆಯದವಳು ಹೆಂಡತಿಯೇ ಅಲ್ಲವೆಂದು ಇಬ್ಬರೂ ಗಂಡಸರು ನಂಬಿದ್ದಾರೆ. ಓಣಿಯ ಲೆಕ್ಕವನ್ನೇ ಕೋರ್ಟಿನ ಲೆಕ್ಕವೆಂದು ತಿಳಿದಿದ್ದಾರೆ. ಆದರೂ ಆ ಹೆಸರಿಗೆ ಗೂಳಪ್ಪನ ಬೆರಳು ಬಾಯಲ್ಲೇ ನಿಲ್ಲುತ್ತದೆ.

ಇನ್ನೂ ಸ್ವಲ್ಪ ಮೊಸರು ಹಾಕುತ್ತ, ಮಾಲವ್ವ ಹೋದ ಪಂಚಮಿಗೆ ಉಂಡಿ ಕಟ್ಟಿಕೊಂಡು ಬಂದಿದ್ದನ್ನು ನೆನೆದಳು. ಆಮೇಲೆ ದಸರೆಗೂ ಬರಲಿಲ್ಲ, ದೀಪಾವಳಿಗೂ ಬರಲಿಲ್ಲ ಅಂದಳು.

"ಚಲೋ ಹೆಣಮಗಳು ಇದ್ದಳು ಬಿಡು," ಅಂದ ಗೂಳಪ್ಪ. "ಕೈ ಅಡಗಿ ರುಚಿ ಇತ್ತು."

ಕಾಶೆವ್ವ ಸೌಟನ್ನು ಮೊಸರಿನ ಗಡಿಗೆಯೊಳಗೆ ಇಳಿಬಿಟ್ಟಳು.

ಇದ್ದಳು.

ಗೂಳಪ್ಪನಿಗೆ ತನ್ನ ಮಾತು ತನಗೇ ಕೇಳಿಸಿತೋ ಏನೋ, ನೀರು ಕುಡಿದು, ತವರಿಗೆ ಹೋಗಿದ್ದಾಳೆ, ಸೂಪಾದ ಕಡೆ ಯಾರೋ ಸಂಬಂಧಿಕರಂತೆ, ಅಲ್ಲೇ ಇದ್ದುಬಿಟ್ಟಿದ್ದಾಳೆ ಅಂದ. ಕಾಶೆವ್ವ ಹೂಂ ಅಂದಳು. ಮಾಲವ್ವನಿಗೆ ತವರಿರಲಿಲ್ಲ. ಹುಟ್ಟಿದ ಮನೆ, ಹೊಕ್ಕ ಮನೆ ಎರಡೂ ಅಳಿಸಿಹೋದ ಮೇಲೆಯೇ ಅವಳು ಉಡಿಕಿಗೆ ಒಪ್ಪಿದ್ದು.

ಯಾವಾಗ ಹೋದಳು ಎಂದು ಕೇಳಿದಳು. ಪಂಚಮಿ ಆಗಿ ನಾಲ್ಕೈದು ದಿನಕ್ಕೆ ಅಂದ.

ಸೋಮಪ್ಪ ಹೊಳೆಯಲ್ಲಿ ಸಿಕ್ಕದ್ದೂ ಪಂಚಮಿ ಆದ ವಾರವೇ.

ಅವನ ಸಾವನ್ನು ದಾಂಡೇಲಿಯ ಪೊಲೀಸ್ ಫೌಜದಾರ ಪರಸಪ್ಪ ಇನ್ನೂ ಕಾಲು ಜಾರಿದ್ದೆಂದು ಒಪ್ಪಿರಲಿಲ್ಲ. ಮೊನ್ನೆ ಇದೇ ಅಂಗಳದಲ್ಲಿ ನಿಂತು, ಸಾಯುವ ಹಿಂದಿನ ದಿನ ಸೋಮಪ್ಪ ಮುಂಡಗೋಡಕ್ಕೆ ಹೋಗಿದ್ದ, ಗದ್ದೆಗೆ ಕಾಲಿಟ್ಟಿಲ್ಲ, ಯಾರನ್ನು ನೋಡಲು ಹೋಗಿದ್ದನೋ ನಿಮಗೇನಾದರೂ ಗೊತ್ತೇನವ್ವ ಎಂದು ಕೇಳಿದ್ದ. ಗೊತ್ತಿಲ್ಲ ಎಂದಿದ್ದಳು. ಅವತ್ತು ಅದು ನಿಜವಾಗಿತ್ತು. ಈಗ, ಅವನು ನೋಡಲು ಹೋದದ್ದು ಮಾಲವ್ವನನ್ನೇ ಇರಬೇಕು ಅನ್ನಿಸಿತು.

ಗೂಳಪ್ಪ ಕೈ ತೊಳೆದು, ಹೊರಗೆ ಬಂದು ಕಟ್ಟೆಯ ಮೇಲೆ ತಂಬಾಕು ತಿಕ್ಕುತ್ತ ಕೂತ. ಕಾಶೆವ್ವ ತಾಟನ್ನು ಹಿತ್ತಲಿಗೆ ಒಯ್ದು ಬೂದಿ ಹಾಕಿ ಬೋರಲು ಮಾಡಿ ಬಂದಳು.

ಸಂಜೆ ಅಂದಾನೆಪ್ಪ ಬಂದ. ಕೈಯಲ್ಲಿ ಧಾರವಾಡದ ಪೇಢೆಯ ಪೊಟ್ಟಣ ಇತ್ತು, ಮುಖದಲ್ಲಿ ಗೆದ್ದವನ ಕಳೆ ಇತ್ತು. ಸೋಮವಾರ ಕಾರವಾರದಲ್ಲಿ ತಾರೀಖು ಬಿದ್ದಿದೆ, ವಕೀಲರು ಎದ್ದು ನಿಂತು ಒಂದೇ ಮಾತು ಹೇಳುತ್ತಾರೆ, ಸುಶೀಲವ್ವ ಬಂದ ದಾರಿ ಹಿಡಿಯುತ್ತಾಳೆ ಅಂದ. ಏನು ಆ ಒಂದು ಮಾತು ಎಂದು ಕಾಶೆವ್ವ ಕೇಳಲಿಲ್ಲ. ಗಂಡಸರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಕ್ಕನಿಗೆ ಎಲ್ಲ ಗೊತ್ತು, ಏನೂ ಅನ್ನಲಿಲ್ಲ ಎಂದು ಗೂಳಪ್ಪ ಮೆಲ್ಲಗೆ ಹೇಳಿದ್ದು ಅವಳ ಕಿವಿಗೂ ಬಿತ್ತು. ಅಂದಾನೆಪ್ಪ ನಿರಾಳನಾಗಿ ಉಸಿರು ಬಿಟ್ಟ. ಆಕಿ ಶಾಣ್ಯಾಕಿ ಅಂದ.

ಆಮೇಲೆ ಸಿದ್ದಿಯನ್ನು ಹತ್ತಿರ ಕರೆದು, ನನ್ನ ಮಗಳು ಎಂದು ತಲೆ ಸವರಿ, ಪೇಢೆಯನ್ನು ತಾನೇ ಮುರಿದು ಬಾಯಿಗಿಟ್ಟ. ಹುಡುಗಿ ನಂಬಿಕೆಯಿಂದ ಬಾಯಿ ತೆರೆದಳು. ಕಟ್ಟೆಯ ಮೇಲಿಂದ ಗೂಳಪ್ಪ ಅದನ್ನು ನೋಡುತ್ತಿದ್ದ. ಆ ನೋಟವನ್ನು ಕಾಶೆವ್ವ ನೋಡಿದಳು. ಅಲ್ಲಿಗೆ ಅವಳೊಳಗೆ ಇಷ್ಟು ಹೊತ್ತು ಕುದಿಯುತ್ತಿದ್ದುದು ತಣ್ಣಗಾಗಿ ಗಟ್ಟಿಯಾಯಿತು.

ನಸುಕಿನ ಮೋಟಾರು ಹತ್ತಿ ಕಲಘಟಗಿಯಲ್ಲಿ ಇಳಿದು ಇನ್ನೊಂದು ಹಿಡಿದರೆ ಮುಂಡಗೋಡ. ಗಂಡಸರು ಏಳುವ ಮುಂಚೆ ಹೊರಡಬೇಕು. ಹುಡುಗಿಯನ್ನು ಒಂದು ಗಳಿಗೆಯೂ ಈ ಮನೆಯಲ್ಲಿ ಬಿಡುವಂತಿಲ್ಲ. ಅವಳಿಗೆ ಕೂಡ ಮೋಟಾರಿನಲ್ಲಿ ಕೂಡ್ರಿಸಿದ ಮೇಲೆಯೇ ಹೇಳಿದರಾಯಿತು. ಮಾಲವ್ವ ಬದುಕಿದ್ದರೆ ಅವಳ ಕೈ ಹಿಡಿದು ಕಾರವಾರದ ಕೋರ್ಟಿನ ಮೆಟ್ಟಿಲು ಹತ್ತಿಸುವುದು, ಸೀರೆ ಕೊಟ್ಟವಳು ನಾನೇ ಎಂದು ಸಾಹೇಬರ ಮುಂದೆ ಹೇಳುವುದು. ಬದುಕಿರದಿದ್ದರೆ ದಾಂಡೇಲಿಯ ಮೋಟಾರು ಹತ್ತಿ ಪರಸಪ್ಪನ ಬಾಗಿಲಿಗೆ ಹೋಗುವುದು. ಎರಡರಲ್ಲಿ ಯಾವುದಾದರೂ ತಮ್ಮನಿಗೆ ಬೇಡಿ ಬೀಳುತ್ತದೆ. ಎರಡರಲ್ಲಿ ಯಾವುದಾದರೂ ತಾನು ಈ ಹೊಸ್ತಿಲಿಗೆ ತಿರುಗಿ ಬರುವುದಿಲ್ಲ. ಅದನ್ನೂ ಎಣಿಸಿದಳು.

"ಏನ ವಿಚಾರ ಮಾಡಾಕತ್ತೀ?" ಅಂದಾನೆಪ್ಪ ಕೇಳಿದ.

"ನಾಳಿಗೆ ಏನ ಅಡಗಿ ಮಾಡೂದಂತ."

ಎಣ್ಣೆಗಾಯಿ ಮಾಡು, ಗೂಳಪ್ಪನೂ ಇರುತ್ತಾನೆ ಅಂದ. ಕಾಶೆವ್ವ ಆಗಲಿ ಎಂದು ತಲೆಯಾಡಿಸಿ, ಸಿದ್ದಿಯನ್ನು ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು.